ಕಾಲು ಬಂದ ಬದು

"ಮಣ್ಣೇ ತಾಯಿ ಕಣ್ರಪ್ಪಾ" ಎಂದು ಮಕ್ಕಳಿಗೆ ಭಾಷಣ ಬಿಗಿಯುವುದರಲ್ಲಿ ಜಡಿಗೇನಹಳ್ಳಿ ಸುತ್ತಮುತ್ತ ಹನುಮಂತರಾಯಪ್ಪನವರನ್ನು ಮೀರಿಸಿದವರಿಲ್ಲ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಲ್ಲವೇ! ಏಳನೇ ಕ್ಲಾಸಿನ ಮಕ್ಕಳಿಗೆ ಮಣ್ಣು ಉಳಿಸುವ ಕೆಲಸವನ್ನು ಹೊಲದಲ್ಲೇ ಕಲಿಸಬೇಕೆಂದು ಸಂಘಮಿತ್ರ ಟೀಚರು ಹೇಳಿದ್ದೇ ತಡ, ಹುಮ್ಮಸ್ಸಿನಲ್ಲಿ ಅವರ ಬಾಯಿ ಜಾರಿತು: "ನಮ್ಮ ಹೊಲದ ಬದೂನೇ ಕಟ್ಟಿಸಿ ಮೇಡಂ!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ವರ್ಷವರ್ಷವೂ ಉಳುವಾಗ ಪಕ್ಕದ ಪಾಪಯ್ಯನ ಹೊಲದ ಕಡೆಗೆ ಬದುವನ್ನು ನಾಲ್ಕು ನಾಲ್ಕು ಬೆರಳು ಕೆತ್ತಿ ಸರಿಸುತ್ತ ಬಂದವರು ಅವರು. ಊರು ಏನಾದರೂ ಅಂದುಕೊಳ್ಳಲಿ. ಆದರೆ ಗುದ್ದಲಿ ಹಿಡಿದು ಬಂದ ಮಕ್ಕಳಲ್ಲಿ ಮೊಮ್ಮಗಳು ಅಕ್ಷತಳೂ ಇದ್ದಳು. ತಾತ ಸುಳ್ಳೇ ಆಡುವುದಿಲ್ಲವೆಂದು ಗೆಳತಿಯರ ಮುಂದೆ ಆಣೆ ಇಡುವ ಹುಡುಗಿ.

"ಬದುವಿನ ಮಧ್ಯದಲ್ಲಿ ಗಡಿಕಲ್ಲು ಇರಬೇಕು. ಮೊದ್ಲು ಅದನ್ನ ಹುಡುಕಿ," ಎಂದರು ಟೀಚರು.

ಮಕ್ಕಳು ಬದುವನ್ನೆಲ್ಲ ತಡಕಿದರೂ ಕಲ್ಲು ಸಿಗಲಿಲ್ಲ. ಕೊನೆಗೆ ಅಕ್ಷತ ತಾತನ ಅವರೆ ಗಿಡಗಳೊಳಗೆ ಎರಡಡಿ ನುಗ್ಗಿ ಕೂಗಿದಳು, "ಮಿಸ್, ಇಲ್ಲೈತೆ!"

"ಅದು ಮಚ್ಚು ಮಸೆಯೋ ಕಲ್ಲು ಕಣವ್ವ," ಎಂದರು ತಾತ.

"ತಲೆ ಮೇಲೆ ಪ್ಲಸ್ ಗುರ್ತು ಕೆತ್ತವ್ರೆ, ತಾತ."

ಬೇವಿನ ಕಡ್ಡಿ ಜಗಿಯುತ್ತ ನಿಂತಿದ್ದ ಪಾಪಯ್ಯ ಕಿಸಕ್ಕನೆ ನಕ್ಕ. "ಕಲ್ಲು ಇದ್ದಲ್ಲೇ ಐತೆ ಬಿಡವ್ವ. ಬದುಗೇ ಕಾಲು ಬಂದು, ನನ್ ಹೊಲಕ್ಕೆ ನಡ್ಕೊಂಡ್ ಬಂದ್ಬಿಟ್ಟೈತೆ!"

ಮಕ್ಕಳೆಲ್ಲ ಗೊಳ್ಳೆಂದರು. ಅಧ್ಯಕ್ಷರ ಮುಖ ಇಂಗು ತಿಂದ ಮಂಗನಂತಾಯಿತು. ಅಕ್ಷತ ಮಾತ್ರ ನಗಲಿಲ್ಲ.

"ಬದು ಎಲ್ಲಿ ಹಾಕಾಣ ತಾತ?" ಎಂದು ಮೆಲ್ಲಗೆ ಕೇಳಿದಳು.

ಪಾಪಯ್ಯನ ನಗುವಿಗಿಂತ ಆ ಪ್ರಶ್ನೆ ಅವರನ್ನು ಹೆಚ್ಚು ಚುಚ್ಚಿತು. ಅವಳ ಕೈಯಿಂದ ಗುದ್ದಲಿ ತೆಗೆದುಕೊಂಡರು. "ಕಲ್ಲಿರೋ ಕಡೆ ಹಾಕಾಣ. ಬದು ಕೆತ್ತಿದ್ದು ನಾನೇ ಕಣವ್ವ." ಮೊದಲ ಏಟು ಅವರ ಅವರೆ ಸಾಲಿಗೇ ಬಿತ್ತು. ನಾಚಿಕೆಯಾಯಿತು, ಅದರ ಜೊತೆಗೇ ಮನಸ್ಸೂ ಹಗುರವಾಯಿತು.

ಸವೆದ ಬದು ದಾಟಿ ಹೊಲದ ಮೇಲ್ಮಣ್ಣು ಹಳ್ಳಕ್ಕೆ ಹರಿದುಹೋದ ಜಾಡನ್ನು ಟೀಚರು ಮಕ್ಕಳಿಗೆ ತೋರಿಸಿದರು. ಎರಡಡಿ ದೋಚಲು ಹೋಗಿ ತಾವು ಕಳೆದುಕೊಂಡದ್ದೆಷ್ಟೆಂದು ಹನುಮಂತರಾಯಪ್ಪನವರಿಗೂ ಅಂದೇ ಕಂಡಿತು. ಸಂಜೆಯ ಹೊತ್ತಿಗೆ ಮೂರಡಿ ಅಗಲದ ಬದು ಎದ್ದಿತು. ಮಕ್ಕಳು ಅದರ ಉದ್ದಕ್ಕೂ ಮಣ್ಣು ಹಿಡಿದಿಡುವ ಲಾವಂಚದ ಹುಲ್ಲು ನೆಟ್ಟರು.

ಮರುವರ್ಷ ಮುಂಗಾರಿನಲ್ಲಿ ಟ್ರಾಕ್ಟರಿನ ವಿಜಯ್ ಬದುವಿನ ಹತ್ತಿರ ಬಂದು ಅಭ್ಯಾಸಬಲದಿಂದ ಕೇಳಿದ, "ಯಜಮಾನ್ರೇ, ಇನ್ನೊಂಚೂರು ಆಚೆ ಒತ್ತಲಾ?"

ಬದುವಿನ ಮೇಲೆ ಅಕ್ಷತ ಕೂತಿದ್ದಳು, ಮಡಿಲಲ್ಲಿ ಅಳತೆ ಟೇಪು.

"ಬ್ಯಾಡ ಕಣಪ್ಪ," ಎಂದರು ಹನುಮಂತರಾಯಪ್ಪ. "ಕಾಲು ಬಂದಿದ್ದ ಬದು ಅದು, ಈಗ ಬೇರು ಬಿಟ್ಟೈತೆ."