ಅತ್ತೆಗೊಂದು ಬೇರೆ ರೂಮು

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಮಹಾನುಭಾವರು ಐದು ಜನರ ಸಂಸಾರವನ್ನು ಮೂರು ದಿನದ ಮಟ್ಟಿಗೆ ಮಂಗಳೂರಿನ ಬೀಚಿಗೆ ಹೊರಡಿಸಿ ನೋಡಿರಲಿಲ್ಲ. ನೋಡಿದ್ದರೆ ಗಾದೆ ಇನ್ನೊಂದು ಸಾಲು ಉದ್ದವಾಗುತ್ತಿತ್ತು. ದಸರಾ ರಜೆಗೆ ಹದಿನೈದು ದಿನ ಇರುವಾಗ ನಾನು ಪ್ಲಾನು ಹಾಕಿದೆ. ನನ್ನ ಗಂಡ ಮಲ್ಲಿಕಾರ್ಜುನ್‌ಗೆ ಹುಲ್ಲಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ಅಂಗಡಿ. 'ಮೂರು ದಿನ ಬಾಗ್ಲು ಹಾಕಿದ್ರೆ ಗಿರಾಕಿ ಎದುರು ಅಂಗ್ಡಿಗೆ ಹೋಗ್ತಾರೆ ಕಣೆ ಚೈತ್ರ' ಎಂದು ರಾಗ ತೆಗೆದರು. ಮಾವ ಪುಟ್ಟಬಸವಯ್ಯನವರು, 'ಮಂಗ್ಳೂರಾ? ಅಲ್ಲೆಲ್ಲ ಮೀನಿನ ವಾಸ್ನೆ ಕಣವ್ವ, ನಂಗೆ ಊಟ ಸೇರಾಕಿಲ್ಲ' ಎಂದರು. ಮಗಳು ಶಿವಾನಿಗೆ ಹನ್ನೊಂದು ವರ್ಷ, ಅವಳಿಗೆ ಪಣಂಬೂರು ಬೀಚಿನ ಒಂಟೆ ಸವಾರಿಯೊಂದೇ ಬೇಕು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನನ್ನ ತವರು ತಿ. ನರಸೀಪುರ. 'ಎರಡು ಹೊಳೆ ಬಂದು ಸೇರೋ ಜಾಗದೋಳು, ಅದಕ್ಕೇ ಬಾಯಿ ಇಷ್ಟು ಜೋರು' ಎಂದು ಮಲ್ಲಿಕಾರ್ಜುನ್ ರೇಗಿಸುತ್ತಾರೆ. ಆ ಜೋರು ಬಾಯಿಂದಲೇ ಎಲ್ಲರನ್ನೂ ಒಪ್ಪಿಸಿದೆ.

ತಕರಾರಿಲ್ಲದೆ ಒಪ್ಪಿದವರು ಅತ್ತೆ ಚನ್ನಬಸಮ್ಮ ಒಬ್ಬರೇ. ಅರವತ್ತೇಳು ವರ್ಷದ ಜೀವ, ಕಪಿಲೆಯನ್ನು ಬಿಟ್ಟರೆ ದೊಡ್ಡ ನೀರು ಕಂಡದ್ದಿಲ್ಲ. ಟಿವಿಯಲ್ಲಿ ಸಮುದ್ರ ಬಂದರೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನೋಡುತ್ತಾರೆ. 'ಅಷ್ಟೂ ನೀರು ಉಪ್ಪೇನವ್ವಾ? ಒಂದ್ಸಲ ಬಾಯ್ಗಾಕ್ಕೊಂಡು ನೋಡ್ಬೇಕು' ಎನ್ನುವುದನ್ನು ನಾನು ಈ ಮನೆಗೆ ಬಂದ ವರ್ಷದಿಂದ ಕೇಳುತ್ತಿದ್ದೇನೆ. ನಿಜ ಹೇಳಬೇಕೆಂದರೆ ಈ ಪ್ಲಾನು ಹಾಕಿದ್ದೇ ಅವರಿಗಾಗಿ. ಸುದ್ದಿ ಕೇಳಿದ ದಿನವೇ ಅವರು ಚಕ್ಕುಲಿ ಹಿಟ್ಟಿಗೆಂದು ಅಕ್ಕಿ ತೊಳೆದು ಪಂಚೆಯ ಮೇಲೆ ಹರವಿದರು.

ತಣ್ಣೀರುಬಾವಿಯ ಹತ್ತಿರ, ಸಸ್ಯಾಹಾರದ ಅಡುಗೆ ಮಾಡಿಕೊಡುವ ಒಂದು ಹೋಂಸ್ಟೇ ಸಿಕ್ಕಿತು. ರಜೆಯ ರಶ್ಶಿನಲ್ಲಿ ಅವರ ಬಳಿ ಉಳಿದಿದ್ದು ಎರಡೇ ರೂಮು. ಒಂದರಲ್ಲಿ ಅಪ್ಪ ಮಗ, ಇನ್ನೊಂದರಲ್ಲಿ ನಾವು ಮೂವರು ಹೆಂಗಸರು ಎಂದು ಊಟದ ಹೊತ್ತಿಗೆ ಘೋಷಿಸಿದೆ. ಶಿವಾನಿ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. 'ಅಜ್ಜೀ, ಅಲ್ಲಿ ದೇವ್ರ ಕೋಣೆ ಇರಲ್ಲ. ನೀನು ಲಿಂಗಪೂಜೆ ಮಾಡೋದನ್ನ ನಾನು ಪಕ್ಕದಲ್ಲೇ ಕೂತು ನೋಡ್ತೀನಿ. ಈ ಮನೇಲಾದ್ರೆ ಬಾಗ್ಲು ಹಾಕ್ಕೊಂಡ್‌ಬಿಡ್ತೀಯ.'

ಅತ್ತೆ ಸಾರಿನ ಸೌಟನ್ನು ಹಾಗೇ ಪಾತ್ರೆಯೊಳಗೆ ಬಿಟ್ಟರು.

ಆ ಬಾಗಿಲ ಕಥೆ ನಮ್ಮ ಬೀದಿಗೆಲ್ಲ ಗೊತ್ತು. ನಮ್ಮವರಲ್ಲಿ ಕೊರಳ ಇಷ್ಟಲಿಂಗವನ್ನು ಎಡಗೈ ಮೇಲಿಟ್ಟು ಪೂಜೆ ಮಾಡದೆ ಹಿರಿಯರು ಬಾಯಿಗೆ ನೀರೂ ಹಾಕುವುದಿಲ್ಲ. ಮಾವ ನಡುಮನೆಯಲ್ಲಿ ಎಲ್ಲರೆದುರು ಕೂತು ಮಾಡುತ್ತಾರೆ. ಅತ್ತೆ ಮಾತ್ರ ಒಂಬತ್ತು ವರ್ಷದಿಂದ ದೇವರ ಕೋಣೆಯ ಚಿಲಕ ಹಾಕಿಕೊಂಡು ಅರ್ಧ ಗಂಟೆ ಹೊರಗೆ ಬರುವುದಿಲ್ಲ. 'ಪೂಜೆ ಅಂದ್ರೆ ನಮ್ಮ ಮನೆಯೋಳ ಪೂಜೆ. ಪಕ್ಕದಾಗೆ ಬೆಂಕಿ ಬಿದ್ರೂ ಏಳಾಕಿಲ್ಲ' ಎಂದು ಮಾವ ಬಂದವರಿಗೆಲ್ಲ ಹೇಳಿಕೊಂಡು ಬೀಗುತ್ತಾರೆ.

'ನಂಗೆ ಬ್ಯಾರೆ ರೂಮು ಬೇಕು' ಎಂದರು ಅತ್ತೆ.

'ಇಲ್ಲ ಅತ್ತೆ, ಇರೋದೇ ಎರಡು.'

'ಅಂಗಾರೆ ನಾನು ಬರಾಕಿಲ್ಲ. ನೀವೋಗ್ಬುಟ್ಟು ಬನ್ನಿ.'

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಕರೆಯಬೇಕಾಗಿಲ್ಲ. ಎಂಟು ಕಡೆ ಫೋನು ಮಾಡಿ, ಮಾವನ ಮೀನು, ಮಗಳ ಒಂಟೆ, ಗಂಡನ ಗಿರಾಕಿ ಎಲ್ಲವನ್ನೂ ಸಂಭಾಳಿಸಿ ತಲೆ ಕೆಟ್ಟು ಗೊಬ್ಬರವಾಗಿತ್ತು. 'ಸಮುದ್ರ ಸಮುದ್ರ ಅಂತ ವರ್ಷಾನುಗಟ್ಟಲೆ ನನ್ನ ಪ್ರಾಣ ತಿಂದ್ರಿ. ಈಗ ಮಹಾರಾಣಿಗೆ ಬೇರೆ ರೂಮು! ನಾವು ಪಕ್ಕದಲ್ಲಿದ್ರೆ ನಿಮ್ಮ ಪೂಜೆ ಕೆಟ್ಟೋಗುತ್ತಾ? ಸೊಸೆ, ಮೊಮ್ಮಗಳು ಅಷ್ಟು ಕೀಳಾದ್ವಾ? ಯಾರೂ ಎಲ್ಲಿಗೂ ಹೋಗೋದು ಬೇಡ, ಬುಕ್ಕಿಂಗ್ ಕ್ಯಾನ್ಸಲ್!' ಎಂದು ಕೂಗಾಡಿದೆ. ಶಿವಾನಿ ಅತ್ತಳು. ಮಲ್ಲಿಕಾರ್ಜುನ್ ತಟ್ಟೆ ನೋಡಿಕೊಂಡು ಕೂತರು. ಅತ್ತೆ ಎದ್ದು ಹಿತ್ತಲಿಗೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಗಾದೆ ನನಗೆ ಯಾವಾಗಲೂ ಆಡಿದ ಮೇಲೇ ನೆನಪಾಗುವುದು.

ಮಾರನೆಯ ದಿನ ಗಂಡಸರು ಅಂಗಡಿಗೆ, ಶಿವಾನಿ ಸ್ಕೂಲಿಗೆ ಹೋದ ಮೇಲೆ ನಾನು ಮುಖ ಗಂಟಿಕ್ಕಿಕೊಂಡೇ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಅತ್ತೆ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತರು.

'ಕೈ ತೊಳ್ಕೊಂಡು ದೇವ್ರ ಕೋಣೆಗೆ ಬಾ. ಚಿಲ್ಕ ಆಕು.'

ಈ ಮನೆಗೆ ಬಂದು ಹದಿಮೂರು ವರ್ಷದಲ್ಲಿ ಆ ಚಿಲಕದ ಒಳಗಡೆ ನಾನು ನಿಂತದ್ದು ಅದೇ ಮೊದಲು. ಅತ್ತೆ ಸೆರಗು ಸರಿಸಿ, ಕೊರಳ ಶಿವದಾರ ಎಳೆದು, ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಹೊರಗೆ ತೆಗೆದರು. ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದರು. ಒಳಗೆ ಒಂದಿಷ್ಟು ಹತ್ತಿ, ಹತ್ತಿಗೆ ಮೆತ್ತಿದ ವಿಭೂತಿ. ಲಿಂಗ ಇರಲಿಲ್ಲ.

'ಅಯ್ಯೋ ಶಿವನೇ! ಎಲ್ಲತ್ತೆ?'

'ಓಯ್ತು ಕಣವ್ವ. ಒಂಬತ್ತು ವರ್ಸ ಆಯ್ತು.'

ಮಾವನಿಗೆ ಹಾರ್ಟ್ ಆಪರೇಷನ್ ಆದ ವರ್ಷ. ಮಾವ ಮೈಸೂರಿನ ಆಸ್ಪತ್ರೆಯಲ್ಲಿದ್ದರು. ಆಪರೇಷನ್ ದಿನ ಬೆಳಿಗ್ಗೆ ಅತ್ತೆ ಒಬ್ಬರೇ ಮೊದಲ ಬಸ್ಸಿಗೆ ನಂಜನಗೂಡಿಗೆ ಹೋಗಿ, ಹೊಳೆಯಲ್ಲಿ ಮುಳುಗಿ, ಮೆಟ್ಟಿಲ ಮೇಲೆ ಸೊಂಟದವರೆಗಿನ ನೀರಿನಲ್ಲಿ ನಿಂತು ಲಿಂಗವನ್ನು ಅಂಗೈ ಮೇಲಿಟ್ಟುಕೊಂಡಿದ್ದರು. ಕೈ ನಡುಗುತ್ತಿತ್ತು. ಜಾರಿತು. ಮಧ್ಯಾಹ್ನದವರೆಗೆ ಕಾಲಲ್ಲಿ ತಡಕಿದರು, ಮುಳುಗಿ ಕೈಯಲ್ಲಿ ತಡಕಿದರು. ಮಳೆಗಾಲದ ಹೊಳೆ, ಸಿಗಲಿಲ್ಲ.

'ಅವತ್ತೇ ಹೇಳೋದಲ್ವಾ? ಅಯ್ನೋರು ಇನ್ನೊಂದು ಕಟ್ಟುತ್ತಿದ್ರು.'

'ಯಾರಿಗೆ ಯೋಳ್ಲಿ? ನಿಮ್ಮ ಮಾವುನ್ಗಾ?' ಅತ್ತೆ ಕರಡಿಗೆ ಮುಚ್ಚಿದರು. 'ಹಿಂದ್ಲು ಬೀದಿ ಸಿದ್ದಲಿಂಗಮ್ಮ ಕಾಲುವೇಲಿ ಲಿಂಗ ಕಳ್ಕೊಂಡಾಗ ಇವ್ರು ಜಗುಲಿ ಮ್ಯಾಲೆ ಕೂತು ಏನಂದ್ರು ಗೊತ್ತಾ? ಲಿಂಗ ಕಳ್ಕೊಂಡೋರ ಕೈನೀರು ಕುಡೀಬಾರ್ದು ಅಂದ್ರು. ಅವತ್ತು ನೀರಿನ ಚೊಂಬು ಇಡ್ಕೊಂಡು ಪಕ್ಕದಾಗೆ ನಿಂತಿದ್ದೋಳು ನಾನೇ. ಒಂಬತ್ತು ವರ್ಸದಿಂದ ಇವ್ರಿಗೆ ದಿನಾ ನೀರು ಕೊಡ್ತೀನಿ, ಮುದ್ದೆ ಇಕ್ಕುತೀನಿ. ದಿನಾ ಎದೆ ಡವಡವ ಅಂತದೆ. ಈಗ ಆ ಕೂಸು ಪಕ್ಕದಾಗೆ ಕೂತು ನೋಡಿದ್ರೆ, ಅಜ್ಜಿ ಕೈ ಬರಿದು ಅಂತ ತಾತುಂಗೆ ಯೋಳಾಕಿಲ್ವಾ?'

ಮಹಾರಾಣಿ ಅಂದಿದ್ದೆನಲ್ಲ, ಆ ನಾಲಿಗೆಯನ್ನು ಕಿತ್ತು ಬಿಸಾಡಬೇಕೆನಿಸಿತು. ಅವರ ಕಾಲಿಗೆ ಬಿದ್ದೆ. 'ಏಳು ಏಳು, ಮುದ್ದೆಗೆ ಎಸರಿಡು' ಎಂದರು.

ಎರಡು ದಿನ ಬಿಟ್ಟು, ಬೀಚಿಗೆ ಅತ್ತೆಗೊಂದು ನೈಲಾನ್ ಸೀರೆ ತರುತ್ತೇವೆಂದು ಮನೆಯಲ್ಲಿ ಸುಳ್ಳು ಹೇಳಿ, ಬಸ್ಸು ಹತ್ತಿ ಚಿಕ್ಕಯ್ಯನಛತ್ರಕ್ಕೆ ಹೋದೆವು. ಅಲ್ಲಿನ ಮರಿಯಯ್ಯನವರು ನಮ್ಮ ಮನೆತನದ ಅಯ್ಯನೋರು. ಮಗುವಿಗೆ ಲಿಂಗ ಕಟ್ಟುವುದರಿಂದ ಹಿಡಿದು ಎಲ್ಲಕ್ಕೂ ಅವರೇ. ಎಂಬತ್ತು ದಾಟಿದೆ, ಕಿವಿ ಮಂದ. ಅತ್ತೆ ಹೇಳಬೇಕಾದ್ದನ್ನು ಕೂಗಿ ಹೇಳಬೇಕಾಯಿತು. ಗುಟ್ಟನ್ನು ಒಂಬತ್ತು ವರ್ಷ ಬಚ್ಚಿಟ್ಟ ಹೆಂಗಸು ಅದನ್ನು ಬೀದಿಗೆ ಕೇಳುವ ಹಾಗೆ ಕೂಗುವುದನ್ನು ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿಕೊಂಡೆ.

'ಒಂಬತ್ತು ವರ್ಷ ಒಳಗೆ ಕೂತು ಏನು ಮಾಡ್ತಿದ್ದೆ ತಾಯಿ?'

'ಬರೀ ಅಂಗೈ ಇಡ್ಕೊಂಡು ಕೂತಿರ್ತಿದ್ದೆ ಬುದ್ಧಿ. ನೀರಾಕ್ತಿದ್ದೆ, ಈಬೂತಿ ಇಕ್ಕುತಿದ್ದೆ, ಪತ್ರೆ ಇಡ್ತಿದ್ದೆ. ಅದು ಅಲ್ಲೇ ಅದೆ ಅಂದ್ಕೊಂಡು.'

'ಒಂದು ದಿನಾನೂ ಬಿಡ್ನಿಲ್ವಾ?'

'ಎಂಗೆ ಬುಡ್ಲಿ ಬುದ್ಧಿ?'

ಮುದುಕರು ಎದ್ದು ಅತ್ತೆಯ ಎದುರಿಗೆ ಬಂದು ಕೂತರು. 'ನಾನೂ ಒಂದಿನ ಅಷ್ಟು ನಿಗಾ ಇಟ್ಟು ಮಾಡಿಲ್ಲ ಕಣವ್ವ' ಎಂದರು. ಅತ್ತೆಗೆ ಸ್ನಾನ ಮಾಡಿ ಬರಲು ಹೇಳಿದರು, ಹೊಸ ಲಿಂಗಕ್ಕೆ ಪೂಜೆ ಮಾಡಿ ಅವರ ಎಡಗೈ ಮೇಲಿಟ್ಟರು. ಅತ್ತೆ ಅದರ ಭಾರ ನೋಡಿ ನೋಡಿ ಅತ್ತರು. ಹೊರಡುವಾಗ ಮರಿಯಯ್ಯನವರು ಬಾಗಿಲವರೆಗೆ ಬಂದರು. 'ಕಟ್ಟಿದ್ದು ನನ್ನ ಕೆಲ್ಸ. ಯಜಮಾನ್ರಿಗೆ ಹೇಳೋದು ನಿನ್ ಕೆಲ್ಸ. ಬಚ್ಚಿಟ್ಕೊಂಡ್ರೆ ಮತ್ತೆ ಬಾಗ್ಲು ಹಾಕ್ಕೊಂಡೇ ಕೂರ್ಬೇಕಾಯ್ತದೆ.'

ಬಸ್ಸಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು. 'ಯೋಳ್ತೀನಿ ಚೈತ್ರ. ಆದ್ರೆ ಮೊದ್ಲು ಸಮುದ್ರ ನೋಡ್ಬುಡ್ತೀನಿ. ಈಗ್ಲೇ ಯೋಳಿದ್ರೆ ನಿಮ್ಮ ಮಾವ ಓಗದೇ ಬ್ಯಾಡ ಅಂದ್ಬುಡ್ತಾರೆ.' ಈ ವಯಸ್ಸಿನಲ್ಲೂ ಎಂಥ ಲೆಕ್ಕಾಚಾರ! ಬೈಯಬೇಕೋ ಮುದ್ದಾಡಬೇಕೋ ತಿಳಿಯಲಿಲ್ಲ. ಮನೆಗೆ ಬಂದು, 'ಬ್ಯಾರೆ ರೂಮು ಬ್ಯಾಡ, ಕೂಸು ನನ್ನ ಜೊತೇಲೇ ಮಲಗ್ಲಿ' ಎಂದರು. 'ನೋಡ್ದಾ, ನನ್ ಮಾತು ಕೇಳಿ ದಾರಿಗೆ ಬಂದ್ಲು' ಎಂದರು ಮಾವ. ಯಾವ ಮಾತೋ ದೇವರೇ ಬಲ್ಲ.

ಮಡಿಕೇರಿ ಘಟ್ಟ ಇಳಿದು ತಣ್ಣೀರುಬಾವಿ ತಲುಪುವ ಹೊತ್ತಿಗೆ ಶಿವಾನಿ ಎರಡು ಸಲ ವಾಂತಿ ಮಾಡಿದ್ದಳು, ಮಾವ ನೂರು ಸಲ ಮೀನಿನ ವಾಸನೆ ಎಂದಿದ್ದರು. ಮರುದಿನ ಬೆಳಿಗ್ಗೆ ಅತ್ತೆ ಮಂಚದ ಪಕ್ಕ ಚಾಪೆ ಹಾಸಿಕೊಂಡು ಪೂಜೆಗೆ ಕೂತರು. ಶಿವಾನಿ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಪತ್ರೆ ಎತ್ತಿಕೊಟ್ಟಳು. ರೂಮಿನ ಬಾಗಿಲು ಪೂರ್ತಿ ತೆರೆದಿತ್ತು. ಮಾವ ಹಲ್ಲುಜ್ಜುತ್ತಾ ಆ ಕಡೆ ಹಾದವರು ಒಂದು ಗಳಿಗೆ ನಿಂತು ನೋಡಿ ಹೋದರು.

ಬೀಚಿನಲ್ಲಿ ಅತ್ತೆ ನೀರಿನಿಂದ ಇಪ್ಪತ್ತು ಮಾರು ದೂರದಲ್ಲೇ ನಿಂತುಬಿಟ್ಟರು. ಒಂದು ಕೈ ಎದೆಯ ಮೇಲಿನ ಕರಡಿಗೆಯನ್ನು ಅದುಮಿ ಹಿಡಿದಿತ್ತು. 'ಇದು ಹೊಳೆಗಿಂತ ಮೋಸ ಕಣವ್ವ, ಎಳ್ಕೊಂಡೋಗ್ತದೆ' ಎಂದರು. ನಾನು ಇದಕ್ಕೆಂದೇ ತಯಾರಾಗಿ ಬಂದಿದ್ದೆ. ನನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳಲ್ಲಿ ನಾಲ್ಕು ತೆಗೆದು, ಶಿವದಾರವನ್ನು ಅವರ ರವಿಕೆಗೆ ನಾಲ್ಕು ಕಡೆ ಚುಚ್ಚಿ ಬಿಗಿ ಮಾಡಿದೆ. ಕೈ ಹಿಡಿದು ನಿಧಾನಕ್ಕೆ ಕರೆದುಕೊಂಡು ಹೋದೆ. ಮೊದಲ ಅಲೆ ಪಾದ ಮುಟ್ಟಿದಾಗ ಅವರು ಮಗುವಿನ ಹಾಗೆ ಕಿರುಚಿದರು. ಆಮೇಲೆ ಬಗ್ಗಿ, ಬೆರಳು ಅದ್ದಿ, ನಾಲಿಗೆಗೆ ಇಟ್ಟುಕೊಂಡರು.

'ಉಪ್ಪೇ ಕಣೆ!' ಎಂದು ನನ್ನ ತೋಳು ಹಿಡಿದು ಜಗ್ಗಿದರು.

ಮಾವ ಪಂಚೆ ಎತ್ತಿ ಕಟ್ಟಿಕೊಂಡು ಹಿಂದೆಯೇ ಬಂದಿದ್ದರು. 'ಲೇ, ಸಾಕು ಬಾ. ಲಿಂಗ ಜೋಪಾನ!' ಎಂದು ಕೂಗಿದರು.

ಅತ್ತೆ ತಿರುಗಿ ನಿಂತರು. ಮೊಣಕಾಲವರೆಗೆ ನೀರು.

'ಒಂದ್ಸಲ ಓಯ್ತು ಕಣ್ರೀ. ನಿಮ್ಮ ಆಪರೇಷನ್ ದಿನ, ನಂಜನಗೂಡು ಹೊಳೇಲಿ. ಇದು ಮೊನ್ನೆ ಅಯ್ನೋರು ಕಟ್ಟಿದ್ದು. ಒಂಬತ್ತು ವರ್ಸ ಕರಡಿಗೆ ಖಾಲಿ ಇತ್ತು.'

ಮಾವನ ಮುಖ ಬಿಳಿಚಿತು. 'ನಂಗ್ಯಾಕೆ ಯೋಳ್ನಿಲ್ಲ?'

'ಯೋಳೋ ಅಂಗಿದ್ರಾ ನೀವು? ಅಂಥೋರ ಕೈನೀರು ಕುಡೀಬಾರ್ದು ಅಂದೋರು ಯಾರು?'

ಮಾವ ಬಾಯಿ ತೆರೆದರು. ಏನು ಹೇಳಲಿದ್ದರೋ, ಅಷ್ಟರಲ್ಲಿ ಒಂದು ದೊಡ್ಡ ಅಲೆ ಬಂದು ಅವರನ್ನು ಕುಂಡೆ ಮೇಲೆ ಕೂರಿಸಿಬಿಟ್ಟಿತು. ಬಾಯಿ, ಮೂಗು ಎಲ್ಲ ಉಪ್ಪು ನೀರು. ಕೆಮ್ಮಿದರು, ಉಗಿದರು. ಮಲ್ಲಿಕಾರ್ಜುನ್ ಓಡಿ ಬಂದು ಎತ್ತಿ ದಡಕ್ಕೆ ಕರೆತಂದರು. ನಾನು ಓಡಿ ಹೋಗಿ ಬ್ಯಾಗಿನಿಂದ ಕುಡಿಯುವ ನೀರಿನ ಬಾಟಲಿ ತೆಗೆದು ಮಾವನ ಮುಂದೆ ಹಿಡಿದೆ.

ಮಾವ ತೆಗೆದುಕೊಳ್ಳಲಿಲ್ಲ. ಮರಳ ಮೇಲೆ ಕೂತು, ಕೆಂಪಗಾದ ಕಣ್ಣಲ್ಲಿ ಅತ್ತೆಯನ್ನು ನೋಡಿದರು. ಅತ್ತೆ ದೂರದಲ್ಲೇ ನಿಂತಿದ್ದರು, ಹತ್ತಿರ ಬರುವ ಧೈರ್ಯ ಅವರಿಗಿರಲಿಲ್ಲ.

'ಬಾಟ್ಲು ನಿಮ್ಮತ್ತೆ ಕೈಗೆ ಕೊಡವ್ವ' ಎಂದರು ಮಾವ.

ಕೊಟ್ಟೆ. ಅತ್ತೆಗೆ ಮುಚ್ಚಳ ತಿರುಗಿಸಲು ಬರಲಿಲ್ಲ, ಶಿವಾನಿ ತೆಗೆದುಕೊಟ್ಟಳು. ಅತ್ತೆ ಹತ್ತಿರ ಹೋಗಿ ಬಗ್ಗಿ ಬಾಟಲಿ ಹಿಡಿದರು. ಮಾವ ಅದನ್ನು ಇಸಿದುಕೊಳ್ಳಲಿಲ್ಲ, ಎರಡೂ ಕೈ ಬೊಗಸೆ ಮಾಡಿ ಒಡ್ಡಿದರು. ಅತ್ತೆ ಸುರಿದರು. ಮಾವ ಕುಡಿದರು. ಪಂಚೆ ಒದ್ದೆ, ಗಡ್ಡದ ತುಂಬ ಮರಳು. ಕುಡಿದು ಮತ್ತೆ ಬೊಗಸೆ ಒಡ್ಡಿದರು.

'ಇನ್ನೊಂದೊಸಿ ಉಯ್ಯಿ' ಎಂದರು.