ಊಟದ ದೂರು ಪುಸ್ತಕ

ಪಾರ್ಸೆಲ್ ಬಿಚ್ಚಿ ಹತ್ತು ಪುಟ ತಿರುವುವಷ್ಟರಲ್ಲಿ ಸೊಸೆ ಕುಣಿಯುವುದೊಂದು ಬಾಕಿ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಉಕ್ಕಲಿ ಬಿಡು ಎಂದುಕೊಂಡಳು. ಒಂದೂವರೆ ವರ್ಷ ಸೇನೆಯ ದಾಖಲೆ ಕಚೇರಿಗೆ ಕಾಗದದ ಮೇಲೆ ಕಾಗದ ಬರೆದು, ಫೋನಿನಲ್ಲಿ ಗಂಟಲು ಹರಿದುಕೊಂಡ ಮೇಲೆ ಕೊನೆಗೂ ಬಂದಿತ್ತು ಅದು: ಮಾವ ಕೆಲಸ ಮಾಡಿದ್ದ ಶಿಬಿರದ ಊಟದ ದೂರು ಪುಸ್ತಕದ ನಕಲು.

ಮಾವ ಸೇನೆಯಲ್ಲಿ ಬ್ರೆಡ್ ಮಾಡುತ್ತಿದ್ದವರು. ಮೂರು ವರ್ಷ ಫಿರಂಗಿ ತರಬೇತಿ ಮೈದಾನದ ಮಗ್ಗುಲಲ್ಲೇ ಅವರ ಬೇಕರಿ ಡೇರೆ. ಅಲ್ಲಿಂದ ಬರುವಾಗ ಎಡಗಿವಿ ಮುಕ್ಕಾಲು ಹೋಗಿತ್ತು, ಬಲಗಿವಿ ಅರ್ಧ, ಜೊತೆಗೆ ತಲೆಯೊಳಗೆ ಎಂದೂ ನಿಲ್ಲದ ಗುಂಯ್ ಎಂಬ ಸದ್ದು. ಈಗಂತೂ ಯಾರು ಏನು ಕೇಳಿದರೂ ನಕ್ಕು ತಲೆಯಾಡಿಸುವುದೇ ಅವರ ಮಾತುಕತೆ. ಹೋದ ತಿಂಗಳು ಅಂಗಡಿಯವನಿಗೆ ಹಾಗೆ ತಲೆಯಾಡಿಸಿ ಐದು ಕಿಲೋ ಉಪ್ಪು ಹೊತ್ತು ತಂದಿದ್ದರು.

ಮಾಜಿ ಸೈನಿಕರ ಅಂಗವೈಕಲ್ಯ ಸೌಲಭ್ಯ ಮಂಜೂರಾದರೆ ಎರಡೂ ಕಿವಿಗೆ ಒಳ್ಳೆಯ ಯಂತ್ರ, ಆ ಗುಂಯ್ ಸದ್ದಿಗೆ ಚಿಕಿತ್ಸೆ, ಎಲ್ಲವೂ ಬದುಕಿರುವವರೆಗೆ. ಇಲಾಖೆ ಎರಡು ಸಲ ಆಗುವುದಿಲ್ಲ ಎಂದಿತ್ತು. ಅಡುಗೆ ಕೆಲಸದಲ್ಲಿ ಶಬ್ದದ ಅಪಾಯವಿಲ್ಲವಂತೆ. ಬೇಕರಿ ಮೈದಾನದ ಹತ್ತಿರವಿತ್ತು ಎನ್ನಲು ಆಧಾರವಿಲ್ಲವಂತೆ! ಜನ್ಮದಲ್ಲಿ ಅಡುಗೆಮನೆಯ ಹೊಸ್ತಿಲು ದಾಟದ ಮಹಾನುಭಾವರು ಬರೆದ ಆದೇಶ. ಉಳಿದದ್ದು ಕೊನೆಯ ಮೇಲ್ಮನವಿ. ಅದೂ ಬಿದ್ದರೆ ಕಡತ ಶಾಶ್ವತವಾಗಿ ಮುಚ್ಚಿದಂತೆ.

ಈಗ ಆಧಾರ ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. ಆ ಶಿಬಿರದಲ್ಲಿ ಊಟ ಹಿಡಿಸದಿದ್ದರೆ ಯಾವ ಸೈನಿಕ ಬೇಕಾದರೂ ಆ ಪುಸ್ತಕದಲ್ಲಿ ಬರೆಯಬಹುದಿತ್ತು; ಅಧಿಕಾರಿ ಕೆಳಗೆ ತಾರೀಖು ಹಾಕಿ ಸಹಿ ಮಾಡಬೇಕಿತ್ತು. "ಈ ಬ್ರೆಡ್ಡಿನಿಂದ ಗೋಡೆ ಕಟ್ಟಬಹುದು." ತಾರೀಖು, ಸಹಿ. "ಹಲ್ಲಿನ ಡಾಕ್ಟರನ್ನು ಊಟದ ಕೋಣೆಯಲ್ಲೇ ಕೂರಿಸಿ." ತಾರೀಖು, ಸಹಿ. "ನನ್ನ ಬೂಟಿನ ಅಟ್ಟೆ ಸವೆದಿದೆ, ಎರಡು ತುಂಡು ಬ್ರೆಡ್ ಕೊಡಿಸಿ." ಫಿರಂಗಿ ಹಾರಿಸಿದ ದಿನಗಳ ಪಟ್ಟಿಯನ್ನು ಸೊಸೆ ಮೊದಲೇ ಸಂಪಾದಿಸಿದ್ದಳು. ಕೆಂಪು ಪೆನ್ನು ಹಿಡಿದು ಒಂದೊಂದೇ ತಾರೀಖು ತಾಳೆ ನೋಡಿದಳು. ಬ್ರೆಡ್ಡಿನ ಮೇಲೆ ನಲವತ್ತೊಂದು ದೂರು. ನಲವತ್ತೊಂದೂ ಫಿರಂಗಿ ಹಾರಿದ ದಿನಗಳೇ! ಬ್ರೆಡ್ ಕೆಡಿಸುವಷ್ಟು ಹತ್ತಿರವೇ ಇತ್ತು ಮೈದಾನ.

"ಮಾವಾ! ಸಿಕ್ತು ಮಾವಾ, ಸಿಕ್ಕೇಬಿಡ್ತು!"

ಕಿಟಕಿಯ ಬಳಿ ಕೂತಿದ್ದ ಮಾವನಿಗೆ ಕೇಳಲಿಲ್ಲ. ಅವಳು ಪುಟಗಳನ್ನು ಅವರ ಮಡಿಲಲ್ಲೇ ಹಾಕಿದಳು. ನಾಲ್ಕು ಸಾಲು ಓದುವಷ್ಟರಲ್ಲಿ ಅವರ ಮುಖ ಕಪ್ಪಿಟ್ಟಿತು.

"ಇದನ್ನ ಯಾಕೆ ತರಿಸ್ದೆ?"

ಇಡೀ ಪಡೆ ತನ್ನ ಬ್ರೆಡ್ಡಿಗೆ ಸಾಲು ನಿಲ್ಲುತ್ತಿತ್ತು ಎಂಬ ಅವರ ಕಥೆ ಮನೆಯವರಿಗೆಲ್ಲ ಬಾಯಿಪಾಠ. ಅದೇ ಪಡೆ ಅವರಿಗೆ "ಇಟ್ಟಿಗೆ" ಎಂದು ಹೆಸರಿಟ್ಟಿದ್ದು ಮಾತ್ರ ಈ ಪುಟಗಳಿಂದ ಇವತ್ತೇ ಬಯಲಾದದ್ದು.

"ಕಿವಿ ಹೋದ್ರೆ ಹೋಗ್ಲಿ ಕಣಮ್ಮ. ಇದನ್ನ ನಾಲ್ಕು ಜನದ ಮುಂದೆ ಓದಿಸ್ಬೇಡ."

ಸೊಸೆ ಡ್ರೈವಿಂಗ್ ಕಲಿಸುವವಳು. ಸ್ಟಿಯರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡವರನ್ನೂ ದಡ ಮುಟ್ಟಿಸಿದವಳು, ಇಷ್ಟಕ್ಕೆ ಬಿಡುತ್ತಾಳೆಯೇ? ಮಾವನ ಜೊತೆ ಮಾತಾಡಲೆಂದೇ ಇಟ್ಟಿದ್ದ ನೋಟುಪುಸ್ತಕದಲ್ಲಿ ಒಂದೇ ಸಾಲು ಬರೆದಳು: "ಮೊಮ್ಮಗಳು ನಿಮ್ಮ ಹತ್ರ ಮಾತಾಡೋದನ್ನೇ ಬಿಟ್ಟಿದಾಳೆ, ಗೊತ್ತಾ?"

ಮಾವ ಅದನ್ನು ಎರಡು ಸಲ ಓದಿದರು. ಹಾಳೆ ಹರಿದು, ಮಡಚಿ, ಜೇಬಿಗಿಟ್ಟುಕೊಂಡರು.

"ಯಾವತ್ತು ಹೋಗ್ಬೇಕು?" ಎಂದರು.

ಮೇಲ್ಮನವಿ ಮಂಡಳಿಯ ಕೋಣೆ ನಾಲ್ಕನೇ ಮಹಡಿಯಲ್ಲಿತ್ತು. ಉದ್ದ ಮೇಜು, ಅದರ ಹಿಂದೆ ಮೂವರು. ನಡುವೆ ಕನ್ನಡಕ ಹಣೆಗೇರಿಸಿಕೊಂಡ ಅಧ್ಯಕ್ಷೆ. ಪಕ್ಕದಲ್ಲಿ ಟೈಪಿಸ್ಟು. ಸೊಸೆ ತಡವರಿಸದೆ ನಲವತ್ತೊಂದು ತಾರೀಖನ್ನೂ ಮುಂದಿಟ್ಟಳು. ಫಿರಂಗಿಯ ಹೊಡೆತ ಬ್ರೆಡ್ಡನ್ನು ಕೆಡಿಸುವಷ್ಟು ಹತ್ತಿರವಿದ್ದರೆ ಕಿವಿಯನ್ನು ಬಿಟ್ಟೀತೇ ಎಂದು ಕೇಳಿದಳು. ಅಧ್ಯಕ್ಷೆ ಎರಡು ಮೂರು ದೂರು ಗಟ್ಟಿಯಾಗಿ ಓದಿದರು. ಬೂಟಿನ ಅಟ್ಟೆಗೆ ಬರುವಷ್ಟರಲ್ಲಿ ಟೈಪಿಸ್ಟಿಗೂ ನಗು ತಡೆಯಲಾಗಲಿಲ್ಲ. ಏನೂ ಕೇಳಿಸದ ಮಾವ ನಗುವ ಮುಖಗಳನ್ನೇ ನೋಡುತ್ತಿದ್ದರು.

ಇಲಾಖೆಯ ವಕೀಲ ನಿಧಾನವಾಗಿ ಎದ್ದ. "ಮೇಡಂ, ದಿನಾ ಫಿರಂಗಿ ಹಾರ್ತಿತ್ತು, ದಿನಾ ಬ್ರೆಡ್ಡೂ ಕೆಟ್ಟಿರ್ತಿತ್ತು. ಇದರಿಂದ ಗೊತ್ತಾಗೋದು ಒಂದೇ. ಇವರಿಗೆ ಬ್ರೆಡ್ ಮಾಡೋಕೆ ಬರ್ತಿರ್ಲಿಲ್ಲ."

ಸೊಸೆಯ ಒಂದೂವರೆ ವರ್ಷದ ದುಡಿಮೆಯನ್ನು ಒಂದೇ ಮಾತಿನಲ್ಲಿ ಮಗುಚಿ ಹಾಕಿದ್ದ ಪುಣ್ಯಾತ್ಮ.

"ಏನಂತೆ?" ಮಾವ ಅವಳ ಮೊಣಕೈ ತಿವಿದರು.

ಬರೆಯುವುದೋ ಬೇಡವೋ? ಬರೆದೇಬಿಟ್ಟಳು. "ನಿಮಗೆ ಬ್ರೆಡ್ ಮಾಡೋಕೆ ಬರಲ್ವಂತೆ."

ಮಾವ ಓದಿದರು. ಕುರ್ಚಿ ಹಿಂದಕ್ಕೆ ಸರಿಯಿತು. ಸೊಸೆಯ ಬಲಗಾಲು ತನಗೆ ತಾನೇ ನೆಲದ ಮೇಲೆ ಬ್ರೇಕ್ ಒತ್ತಿತು. ಇಲ್ಲಿ ಬ್ರೇಕ್ ಎಲ್ಲಿಂದ ಬರಬೇಕು!

"ಯಾರಿಗ್ರೀ ಬರಲ್ಲ?" ಕಿವುಡರ ಗಂಟಲು, ಕಿಟಕಿ ಗಾಜು ಅದುರಿತು. "ಬೆಳಗ್ಗೆ ನಾಲ್ಕಕ್ಕೆ ಹಿಟ್ಟು ನಾದ್ತಿದ್ದೆ. ಆರಕ್ಕೆಲ್ಲ ಮೂವತ್ತು ಡಬ್ಬೀಲೂ ಹಿಟ್ಟು ಉಬ್ಬಿ, ಮಗೂ ಕೆನ್ನೆ ಥರ ಇರೋದು. ಮುಟ್ಟೋಕೂ ಭಯ! ಆಗ ಮೊದಲನೇ ಫಿರಂಗಿ, ಧಡ್! ಡೇರೆ ಅಲ್ಲಾಡೋದು, ಕಪಾಟಿಂದ ಡಬ್ಬಿ ಬೀಳೋದು, ಮೂವತ್ತೂ ಒಂದೇ ಸಲ ಪುಸ್ಸಂತ ಕೂತ್ಕೊಳ್ಳೋದು. ಹೊಸದಾಗಿ ನಾದೋಕೆ ಹೊತ್ತೆಲ್ಲಿ? ಎಂಟಕ್ಕೆ ಆರುನೂರು ಜನ ತಟ್ಟೆ ಹಿಡ್ಕೊಂಡು ನಿಂತಿರೋರು. ಕುಸಿದಿದ್ದನ್ನೇ ಒಲೆಗಿಡ್ತಿದ್ದೆ. ಎರಡು ಕೈಯಲ್ಲೂ ಡಬ್ಬಿ ಹಿಡ್ಕೊಂಡೋನು ಕಿವಿ ಹ್ಯಾಗ್ರೀ ಮುಚ್ಕೊಳ್ಳಲಿ? ಭಾನುವಾರ ಫಿರಂಗಿಗೆ ರಜೆ. ಭಾನುವಾರದ ನನ್ನ ಬ್ರೆಡ್ ತಿಂದು ಹೇಳಿ!"

ಕೈಯಲ್ಲಿ ಡಬ್ಬಿ ಹಿಡಿದು ನಿಂತ ಆ ಯುವಕನನ್ನು ಸೊಸೆ ಎಂದೂ ನೆನೆದಿರಲಿಲ್ಲ. ಈಗ ಅವಳಿಗೆ ಅಳು ಬಂತು.

"ಭಾನುವಾರ ದೂರಿಲ್ಲ ಅಂದ್ರೆ ಬ್ರೆಡ್ ಚೆನ್ನಾಗಿತ್ತು ಅಂತಲ್ಲ, ಮೇಡಂ," ವಕೀಲ ಪಟ್ಟು ಬಿಡಲಿಲ್ಲ. "ಅವತ್ತು ಪುಸ್ತಕಾನೇ ತೆರೀತಿರ್ಲಿಲ್ವೇನೋ."

ಅಧ್ಯಕ್ಷೆ ಪುಟ ತಿರುವತೊಡಗಿದರು. ಒಂದು ಭಾನುವಾರ, ಖಾಲಿ, ಬರೀ ಸಹಿ. ಇನ್ನೊಂದು, ಅದೂ ಹಾಗೇ. ಮೂರನೆಯದಕ್ಕೆ ಅಧ್ಯಕ್ಷೆಯ ಬೆರಳು ನಿಂತಿತು. ಕನ್ನಡಕ ಇಳಿಸಿ ಓದಿದರು:

"'ಇವತ್ತು ಬ್ರೆಡ್ ಬಹಳ ಚೆನ್ನಾಗಿತ್ತು. ಬೇರೆ ಯಾರೋ ಮಾಡಿರಬೇಕು.' ತಾರೀಖಿದೆ, ಅಧಿಕಾರಿ ಸಹಿ ಇದೆ."

ಬೈಗುಳ ಹುಡುಕುವ ಭರದಲ್ಲಿ ಸೊಸೆಯ ಕಣ್ಣಿಗೆ ಈ ಹೊಗಳಿಕೆ ಬಿದ್ದೇ ಇರಲಿಲ್ಲ! ಅಧ್ಯಕ್ಷೆ ಎದ್ದು ಬಂದು ಆ ಪುಟವನ್ನು ಮಾವನ ಮುಂದಿಟ್ಟರು. ವಕೀಲ ಕೂತ.

ಮಂಡಳಿ ಒಳಗೆ ಹೋಗಿ ಹತ್ತು ನಿಮಿಷಕ್ಕೆ ವಾಪಸಾಯಿತು. ಶ್ರವಣದೋಷ, ತಲೆಯೊಳಗಿನ ಸದ್ದು, ಎರಡೂ ಸೇವೆಯಿಂದಲೇ ಬಂದವು, ಮೇಲ್ಮನವಿ ಮಂಜೂರು. ಸೊಸೆ ನೋಟುಪುಸ್ತಕದ ಇಡೀ ಹಾಳೆಯಲ್ಲಿ "ಗೆದ್ವಿ!" ಎಂದು ಬರೆದು ಎತ್ತಿ ಹಿಡಿದಳು. ಮಾವ ನಕ್ಕು ತಲೆಯಾಡಿಸಿದರು, ಆದರೆ ಕೂರಲಿಲ್ಲ.

"ಕಿವಿ ವಿಷಯ ಬರೆದ್ರಿ, ಸಂತೋಷ. ಬ್ರೆಡ್ ವಿಷಯಾನೂ ಬರೀರಿ, ತಾಯಿ."

ಅಧ್ಯಕ್ಷೆ ಟೈಪಿಸ್ಟ್ ಕಡೆ ತಿರುಗಿ ಹೇಳಿದರು: "ಹೊಸ ಸಾಲು. ಬ್ರೆಡ್ ಕುಸಿದದ್ದು ಫಿರಂಗಿಯ ಹೊಡೆತದಿಂದ. ಮಾಡಿದವರ ತಪ್ಪಿನಿಂದ ಅಲ್ಲ."

ಬಿಸಿಬಿಸಿ ಆದೇಶ ಕೈಗೆ ಬಂದಾಗ ಮಾವ ಕಿವಿಯ ಭಾಗವನ್ನೆಲ್ಲ ಹಾರಿಸಿ ಆ ಸಾಲಿಗೆ ಬೆರಳಿಟ್ಟರು.

"ಇನ್ನೊಂದು ಪ್ರತಿ ಇಸ್ಕೋ," ಎಂದರು. "ಆ ಭಾನುವಾರದ್ದು ಬರೆದೋನ ಅಕ್ಷರ ನಂಗೆ ಚೆನ್ನಾಗಿ ಗೊತ್ತು. ಮೂರನೇ ಡೇರೆ ತರಲೆ. ಬದುಕಿದ್ರೆ ವಿಳಾಸ ಹುಡುಕು. ಬೇರೆ ಯಾರೋ ಮಾಡಿರ್ಬೇಕಂತೆ! ನಾನೇ ಮಾಡಿದ್ದು ಅಂತ ಬರೆದು, ಮೊಹರು ಹಾಕಿಸಿ ಕಳ್ಸು."