ರೂಪಾಯಿಗೆ ಕೊಂಡಿ

ಕಮಿಟಿಯವರು ಕರೆದಿದ್ದಾರೆಂದು ಓಲೇಕಾರ ಬಂದು ಹೇಳಿದಾಗ, ಕುಷ್ಟಗಿಯಲ್ಲಿ ಚಿನ್ನಬೆಳ್ಳಿ ಕೆಲಸ ಮಾಡುವ ಪತ್ತಾರ ಮೌನೇಶಪ್ಪ ಮೊದಲು ತನ್ನ ತಕ್ಕಡಿಯನ್ನು ಎತ್ತಿ ಹಿಡಿದು ನೋಡಿದ. ಯಾರೋ ದೂರು ಕೊಟ್ಟಿರಬೇಕು ಎಂದುಕೊಂಡ. ಸಂಗತಿ ಬೇರೆಯೇ ಇತ್ತು. ದೊರೆ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ ಹೊಸ ಬೆಳ್ಳಿ ರೂಪಾಯಿ ಬರುವುದಿತ್ತು. ಅದರ ಮೇಲೆ ಅಚ್ಚೊತ್ತಲು ಬಂದ ಮೂರು ಚಿತ್ರಗಳಲ್ಲಿ ಯಾವುದು ಛಲೋ ಎಂದು ಊರ ಕಮಿಟಿ ಸರ್ಕಾರಕ್ಕೆ ಬರೆದು ಕಳಿಸಬೇಕು. ಬೆಳ್ಳಿಯ ಮಾತಲ್ಲವೆ, ಪತ್ತಾರನೂ ಇರಲಿ ಎಂದಿದ್ದರು.

ಸಾಹುಕಾರ ವಿರೂಪಾಕ್ಷಪ್ಪನ ಪಡಸಾಲೆಯಲ್ಲಿ ಸರ್ಕಾರಿ ಕಚೇರಿಯ ಪೇಶ್ಕಾರ ಹುಸೇನಬಾಷಾ ಚಿತ್ರಗಳನ್ನು ಹರಡಿದ. ಒಂದರಲ್ಲಿ ಕೋಟೆ, ಒಂದರಲ್ಲಿ ಮಿನಾರು, ಇನ್ನೊಂದರಲ್ಲಿ ಜೋಳದ ತೆನೆ. ಸಾಹುಕಾರ ಮಿನಾರು ಎಂದ. ಉಳಿದವರೂ ಮಿನಾರು ಎಂದರು. ಮೌನೇಶಪ್ಪ ಮಾತ್ರ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ. ಕೇಳಿದ ಮೇಲೆ ನ್ಯಾಯವಾಗಿ ಹೇಳಬೇಡವೆ?

"ತೆನಿದು ಛಲೋ ಐತ್ರಿ. ಮ್ಯಾಲಿನ ಅಂಚು ಬರೇ ಐತಿ, ಕೊಂಡಿ ಬೆಸಿಯಾಕ ಜಾಗ ಸಿಗತೈತಿ. ಮಿನಾರಿಗೆ ಕೊಂಡಿ ಹಚ್ಚಿದ್ರ ತುದಿ ಕರಗತೈತ್ರಿ."

"ಇವನ ಕೈಯಾಗ ಆನಿ ಕೊಟ್ರೂ ಕೊಳ್ಳಾಗ ಹಾಕ್ಕೊಳ್ಳಾಕ ಕೊಂಡಿ ಹಚ್ತಾನ" ಎಂದ ಸಾಹುಕಾರ. ಎಲ್ಲರೂ ನಕ್ಕರು. ಪೇಶ್ಕಾರ ನಗಲಿಲ್ಲ.

"ಸರ್ಕಾರದ ರೂಪಾಯಿ ಸುಟ್ಟು ಕೊಂಡಿ ಹಚ್ತೀರೇನು, ಪತ್ತಾರ್ರ?"

"ಹೌದ್ರಿ. ಮದುವಿಗೆ ಹೆಣ್ಮಕ್ಕಳು ರೂಪಾಯಿ ಸರ ಹಾಕ್ಕೋತಾರಲ್ರಿ."

"ನೀವೊಬ್ರ ಏನು?"

ಸುಳ್ಳು ಹೇಳಿ ಅವನಿಗೆ ರೂಢಿಯಿರಲಿಲ್ಲ. "ಊರಾಗ ಪತ್ತಾರರ ಆರು ಮನಿ ಅದಾವ್ರಿ. ಎಲ್ಲಾರೂ ಹಚ್ತೀವಿ."

ಪೇಶ್ಕಾರ ಉರ್ದುವಿನಲ್ಲಿ ಬರೆಯತೊಡಗಿದ. ಒಂದು ಮಾತಿಗೆ ಇಷ್ಟು ಉದ್ದವೇಕೆ ಎಂದು ಮೌನೇಶಪ್ಪ ಕಾಗದದತ್ತ ಬಗ್ಗಿ ನೋಡಿದ.

"ಏನ್ ಬರದ್ರಿ, ಸಾಹೇಬ್ರ?"

"ನೀವು ಹೇಳಿದ್ದ. ನಾ ಒಂದಕ್ಷರ ಕೂಡಿಸಿಲ್ಲ."

"ಆ ಕೊಂಡಿ ಮಾತು ಬಿಡ್ರಲ್ಲ. ಚಿತ್ರದ ಮಾತಷ್ಟ ಇರಲಿ."

"ಹೇಳಿದ್ದು ಕೇಳ್ಯೂ ಬಿಟ್ರ ನನ್ನ ನೌಕರಿ ಹೋಗತೈತಿ."

ಅದೂ ಖರೆಯೇ ಎನಿಸಿತು. ಓದಲು ಬಾರದ ಕಾಗದಕ್ಕೆ ಮೌನೇಶಪ್ಪ ಸಹಿ ಮಾಡಿದ.

ಮೂರು ತಿಂಗಳಿಗೆ ಹುಕುಂ ಬಂತು. ಇನ್ನು ಮುಂದೆ ರೂಪಾಯಿಗೆ ಬೆಂಕಿ ತಾಗಿಸಿದರೆ ಒಲೆ, ಚಿಮಟ ಎಲ್ಲ ಜಪ್ತಿ. ಡಂಗುರದವನು ಆರೂ ಮನೆಗಳ ಮುಂದೆ ನಿಂತು ಸಾರಿದ. ಯಾವ ಚಿತ್ರ ಆಯ್ಕೆಯಾಯಿತೆಂದು ಯಾರೂ ಹೇಳಲಿಲ್ಲ. ಹಿರಿಯ ಪತ್ತಾರ ಕಾಳಪ್ಪ ಬಂದು ಹೊಸ್ತಿಲ ಹೊರಗೇ ನಿಂತ. "ಚಿತ್ರ ಯಾವದು ಅಂತ ಕೇಳಿದ್ರು, ಮೌನೇಶ. ನೀ ನಮ್ಮ ಒಲಿ ತೋರಿಸಿ ಬಂದಿ."

ಬರೆದದ್ದನ್ನು ವಾಪಸು ತರಿಸಿ ಎಂದು ಮೌನೇಶಪ್ಪ ಪೇಶ್ಕಾರನ ಹತ್ತಿರ ಎರಡು ಸಲ ಹೋದ. ಕಾಗದ ಮೇಲೆ ಹೋಗಿದೆ, ಕೆಳಗೆ ಬರುವುದಿಲ್ಲ ಎಂದ ಅವನು.

ಮದುವೆಯ ತಿಂಗಳು ಬಂತು. ಗಿರಾಕಿ ಹುಲಗಮ್ಮ ಬಂದು ಮಗಳ ಸರಕ್ಕೆಂದು ಸೆರಗಿನ ಗಂಟು ಬಿಚ್ಚಿ ರೂಪಾಯಿಗಳನ್ನು ಮುಂದಿಟ್ಟಳು.

"ಆಗಂಗಿಲ್ಲವ್ವ. ಹುಕುಂ ಐತಿ."

"ಗಜೇಂದ್ರಗಡದಾಗ ಮಾಡ್ತಾರಂತಲ್ಲ. ಅದು ಇಂಗ್ರೇಜರ ಸೀಮಿ, ನಮ್ಮ ದೊರಿ ಹುಕುಂ ಅಲ್ಲಿ ನಡಿಯಂಗಿಲ್ಲ ಅಂತ."

"ಹೌದು, ನಡಿಯಂಗಿಲ್ಲ."

"ಅಲ್ಲಿ ಯಾರ ಕೈ ಛಲೋ ಐತಿ, ಅಣ್ಣಾರ? ನಮಗ ಗುರ್ತಿಲ್ಲ."

ಮೌನೇಶಪ್ಪ ರೂಪಾಯಿಗಳನ್ನು ಅವಳ ಕಡೆಗೆ ಸರಿಸಿದ. ಆಮೇಲೆ ಅಲ್ಲಿಯ ಒಬ್ಬ ಪತ್ತಾರನ ಹೆಸರು ಹೇಳಿದ, ಓಣಿ ಹೇಳಿದ, ಬೆಸುಗೆಗೆ ಬೆಳ್ಳಿಯ ಬದಲು ತವರ ಹಾಕದಂತೆ ಎದುರಿಗೇ ಕೂತು ಮಾಡಿಸಿಕೊಳ್ಳಬೇಕೆಂದೂ ಹೇಳಿದ. ಹುಲಗಮ್ಮ ಗಂಟು ಕಟ್ಟಿಕೊಂಡು ಎದ್ದಳು.